ಗಾಳಕ್ಕೆ ಮೀನು ಬೀಳುತ್ತಿಲ್ಲವೇ? ಟೆಕ್ಸಸ್ ಕೆರೆಗಳಲ್ಲಿ ಕ್ಯಾಟ್‌ಫಿಶ್, ಬಾಸ್ ಹಿಡಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಗಾಳದ ಹುಚ್ಚು ಹತ್ತಿಸಿಕೊಂಡವರು ಒಂದಷ್ಟು ಜನ ಇದ್ದಾರೆ. ಊರಲ್ಲಿ ಕೆರೆ ಏರಿ ಮೇಲೆ ಕೂತು, ಎರೆಹುಳ ಚುಚ್ಚಿ, ಜಿಲೇಬಿ ಮೀನು ಎಳೆದವರು. ಇಲ್ಲಿಗೆ ಬಂದ ಮೇಲೆ ಒಳ್ಳೆಯ ರಾಡ್, ರೀಲ್ ಕೊಳ್ಳುತ್ತಾರೆ. ಲೂಯಿಸ್‌ವಿಲ್ ಕೆರೆಗೋ ರೇ ಹಬ್ಬರ್ಡ್‌ಗೋ ಹೋಗಿ ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಎರೆ ಹಾಕಬೇಕು?

ಎರೆ ಕೊನೆಗೆ ನೋಡಬೇಕಾದ ವಿಷಯ. ಮೊದಲು ನೋಡಬೇಕಾದದ್ದು, ಗಾಳ ವಾಪಸ್ ಎಳೆದಾಗ ಅದರಲ್ಲಿ ಏನು ಉಳಿದಿದೆ ಅಂತ. ಎರೆ ಹಾಗೇ ಇದೆಯಾ, ಅರ್ಧ ಹೋಗಿದೆಯಾ, ಪೂರ್ತಿ ಹೋಗಿದೆಯಾ? ಗಾಳವೇ ಇಲ್ಲದಿದ್ದರೆ ದಾರದ ತುದಿ ಹೇಗಿದೆ? ತಪ್ಪು ಎಲ್ಲಿದೆ ಅನ್ನುವುದು ಇಷ್ಟರಲ್ಲೇ ಮುಕ್ಕಾಲು ಗೊತ್ತಾಗುತ್ತದೆ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗ, ಎರೆ, ಗಾಳ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮೀನು ಸಿಕ್ಕರೂ ಯಾಕೆ ಸಿಕ್ಕಿತು ಅಂತ ತಿಳಿಯುವುದಿಲ್ಲ.

ಎರೆ ಹಾಕಿದ ಹಾಗೇ ವಾಪಸ್ ಬರುತ್ತಿದೆ

ಇದು ಎಲ್ಲರಿಗೂ ಬರುವ ತೊಂದರೆ. ಹತ್ತಕ್ಕೆ ಎಂಟು ಸಲ ಇದು ಜಾಗದ ತಪ್ಪು, ಎರೆಯದ್ದಲ್ಲ. ಮೀನು ಇಲ್ಲದ ಕಡೆ ಎಂಥ ಎರೆ ಹಾಕಿದರೇನು?

ಮೊದಲು ಕ್ಯಾಟ್‌ಫಿಶ್ ವಿಷಯ. ಇಲ್ಲಿ ಮಾತಾಡುವುದು ಚಾನೆಲ್, ಬ್ಲೂ, ಫ್ಲಾಟ್‌ಹೆಡ್ ಎಂಬ ಮೂರು ಜಾತಿಯ ಕ್ಯಾಟ್‌ಫಿಶ್ ಬಗ್ಗೆ. ನಮ್ಮ ಬಾಳೆ ಮೀನಿನ ಹಾಗೆ ಇದಕ್ಕೂ ಮೀಸೆ ಇದೆ. ಅದಕ್ಕೇ ತುಂಬಾ ಜನ ಇದು ಯಾವಾಗಲೂ ಆಳದಲ್ಲಿ, ಕೆಸರಲ್ಲಿ ಇರುತ್ತದೆ ಅಂದುಕೊಂಡು, ಇದ್ದ ಬಲವೆಲ್ಲ ಹಾಕಿ ದೂರಕ್ಕೆ ಎಸೆಯುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ತಪ್ಪುವುದು ಇಲ್ಲೇ. ಟೆಕ್ಸಸ್‌ನ ಬಿಸಿಲಿಗೆ ಕೆರೆಯ ನೀರು ಎರಡು ಪದರ ಆಗಿಬಿಡುತ್ತದೆ. ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು. ಎರಡೂ ಬೆರೆಯುವುದಿಲ್ಲ. ಕೆಳಗಿನ ಪದರದಲ್ಲಿ ಕೊಳೆಯುವ ಕಸಕಡ್ಡಿ ಇದ್ದ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಎರಡು ಪದರಗಳ ನಡುವಿನ ಗಡಿಗೆ ಥರ್ಮೋಕ್ಲೈನ್ ಅನ್ನುತ್ತಾರೆ. ಕೆರೆ ಕೆರೆಗೂ ಆಳ ಬೇರೆ, ಆದರೆ 15ರಿಂದ 25 ಅಡಿ ಅಂದುಕೊಂಡರೆ ದೊಡ್ಡ ಮೋಸವಿಲ್ಲ. ಅದರ ಕೆಳಗೆ ಎರೆ ಬಿಟ್ಟರೆ ಮೀನಿಲ್ಲದ ಕಡೆ ಬಿಟ್ಟ ಹಾಗೆ. ಕೈಗೆ ಸಿಗುವ ಗುರುತು ಒಂದಿದೆ. ಬೇಸಿಗೆಯಲ್ಲಿ ಎಳೆದಾಗ ಸೀಸದ ಗುಂಡು ತಣ್ಣಗಿದ್ದು, ಎರೆ ಹಾಗೇ ಇದ್ದರೆ, ನೀವು ಗಡಿಯ ಕೆಳಗಿದ್ದೀರಿ. ಹತ್ತಿರಕ್ಕೆ ಬನ್ನಿ. ರಾತ್ರಿ ಹೊತ್ತು ನಾಲ್ಕೈದು ಅಡಿ ನೀರಲ್ಲೇ ಚಾನೆಲ್ ಕ್ಯಾಟ್‌ಫಿಶ್ ಓಡಾಡುತ್ತಿರುತ್ತವೆ.

ಗಾಳಿ ಯಾವ ದಡಕ್ಕೆ ಬಡಿಯುತ್ತಿದೆ ನೋಡಿ, ಆ ದಡಕ್ಕೆ ಹೋಗಿ. ಅಲ್ಲಿ ನಿಲ್ಲುವುದು ಕಷ್ಟ, ಎಸೆಯುವುದು ಇನ್ನೂ ಕಷ್ಟ. ಅದಕ್ಕೇ ಎಲ್ಲರೂ ನೀರು ನಿಶ್ಚಲವಾಗಿರುವ ದಡ ಹುಡುಕಿ ಕುರ್ಚಿ ಹಾಕುತ್ತಾರೆ. ಆದರೆ ಗಾಳಿ ತಳ್ಳಿದ ಕಡೆಗೆ ಪಾಚಿ ಹೋಗುತ್ತದೆ, ಪಾಚಿ ಹಿಂದೆ ಶ್ಯಾಡ್ ಎಂಬ ಸಣ್ಣ ಬೆಳ್ಳಿ ಮೀನು, ಅದರ ಹಿಂದೆ ಕ್ಯಾಟ್‌ಫಿಶ್.

ಕಾಲವನ್ನೂ ನೋಡಬೇಕು. ನೀರು 75ರಿಂದ 80 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದಾಗ, ಅಂದರೆ ಸುಮಾರು ಮೇ ಕೊನೆಯಿಂದ ಜೂನ್‌ವರೆಗೆ, ಚಾನೆಲ್ ಕ್ಯಾಟ್‌ಫಿಶ್ ಮೊಟ್ಟೆ ಇಡುತ್ತದೆ. ಗಂಡು ಮೀನು ಕಲ್ಲು ಸಂದಿಯಲ್ಲೋ ಟೊಳ್ಳು ಮರದಲ್ಲೋ ಸೇರಿ ಮೊಟ್ಟೆ ಕಾಯುತ್ತದೆ. ಆಗ ಅದಕ್ಕೆ ತಿನ್ನುವ ಕಡೆ ಗಮನವೇ ಇರುವುದಿಲ್ಲ. ಹಾಗಾಗಿ ಮೊನ್ನೆಯವರೆಗೆ ಚೆನ್ನಾಗಿ ಕಚ್ಚುತ್ತಿದ್ದ ಜಾಗ ಇದ್ದಕ್ಕಿದ್ದಂತೆ ಸತ್ತ ಹಾಗೆ ಅನಿಸುತ್ತದೆ. ಕಲ್ಲು ಜೋಡಿಸಿದ ಅಣೆಕಟ್ಟೆಯ ಅಂಚಿಗೆ, ಕಲ್ಲಿಗೆ ತಾಗುವಷ್ಟು ಹತ್ತಿರ ಎರೆ ಬಿಟ್ಟು ನೋಡಿ. ಆಗದಿದ್ದರೆ ಎರಡು ವಾರ ಸುಮ್ಮನಿರಿ.

ಬ್ಲೂ ಕ್ಯಾಟ್‌ಫಿಶ್ ಲೆಕ್ಕವೇ ಬೇರೆ. ಅದಕ್ಕೆ ಚಳಿಗಾಲ ಇಷ್ಟ. ಚಳಿ ಜಾಸ್ತಿಯಾದಾಗ ಶ್ಯಾಡ್ ಮೀನು ಸಾಯುತ್ತವೆ, ದೊಡ್ಡ ಬ್ಲೂಗಳಿಗೆ ಹಬ್ಬ. ಟೆಕ್ಸೋಮಾ ಕೆರೆಯಲ್ಲಿ 121.5 ಪೌಂಡಿನ ಬ್ಲೂ ಸಿಕ್ಕಿದ್ದು 2004ರ ಜನವರಿಯಲ್ಲಿ. ಅದೂ ದಡದಿಂದ. ಜನವರಿಯಲ್ಲಿ ಮನೆಯಲ್ಲಿ ಹೊದ್ದು ಕೂತವರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ, ಯಾರೂ ಬರುವುದಿಲ್ಲ.

ಈಗ ಬಾಸ್. ಇಲ್ಲಿ ಹೇಳುತ್ತಿರುವುದು ಲಾರ್ಜ್‌ಮೌತ್ ಬಾಸ್. ಇದು ವಾಸನೆ ಹುಡುಕಿ ಬರುವ ಮೀನಲ್ಲ, ಮರೆಯಲ್ಲಿ ಹೊಂಚು ಹಾಕುವ ಮೀನು. ಜೊಂಡು, ಮುಳುಗಿದ ಮರ, ದೋಣಿ ಕಟ್ಟುವ ಕಟ್ಟೆಯ ನೆರಳು, ತೊರೆ ಬಂದು ಸೇರುವ ತಿರುವು, ಇಂಥ ಕಡೆ ಇರುತ್ತದೆ. ಬಟಾಬಯಲು ನೀರಿಗೆ ದಿನವಿಡೀ ಲೂರ್ (ನಕಲಿ ಎರೆ) ಎಸೆದರೂ ಸಿಗುವುದಿಲ್ಲ. ಟೆಕ್ಸಸ್‌ನ ದೊಡ್ಡ ಕೆರೆಗಳೆಲ್ಲ ಹೆಚ್ಚುಕಡಿಮೆ ಅಣೆಕಟ್ಟಿನ ಹಿನ್ನೀರೇ. ಹಳೇ ಕಾಡು, ರಸ್ತೆ, ತೊರೆಯ ಜಾಡು ಎಲ್ಲ ನೀರಡಿ ಹಾಗೇ ಇವೆ. ಲೇಕ್ ಫೋರ್ಕ್‌ನಲ್ಲಿ ನಿಂತ ಮರಗಳ ಬೋಳು ತುದಿ ನೀರ ಮೇಲೇ ಕಾಣುತ್ತದೆ. ರಾಜ್ಯದ ದಾಖಲೆಯ 18.18 ಪೌಂಡಿನ ಬಾಸ್ 1992ರಲ್ಲಿ ಸಿಕ್ಕಿದ್ದು ಆ ಕೆರೆಯಲ್ಲೇ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ನೀರು 60 ಡಿಗ್ರಿ ದಾಟುವ ಹೊತ್ತಿಗೆ ಬಾಸ್ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ದಡದಿಂದ ಹಿಡಿಯುವವರಿಗೆ ಇದೇ ಒಳ್ಳೆ ಕಾಲ. ಬೇಸಿಗೆಯ ಮಧ್ಯಾಹ್ನ ದಡದಲ್ಲಿ ಹುಡುಕುವುದು ದಂಡ. ಸೂರ್ಯ ಹುಟ್ಟುವ ಮುಂಚೆ ಹೋಗಿ, ಒಂಬತ್ತಕ್ಕೆ ಮನೆಗೆ ಬನ್ನಿ.

ಜಾಗ, ಆಳ, ಕಾಲ ಮೂರೂ ಸರಿಯಿದ್ದು ಅರ್ಧ ಗಂಟೆ ಏನೂ ತಾಗದಿದ್ದರೆ, ಆಗ ಎರೆ ನೋಡಿ. ಚಾನೆಲ್‌ಗೆ ಮೈಯೆಲ್ಲ ರುಚಿ ತಿಳಿಯುತ್ತದೆ, ಬರೀ ಬಾಯಿಗಲ್ಲ. ಕೋಳಿ ಲಿವರ್, ಎರೆಹುಳ, ಚೀಸ್ ಕೊಳೆಸಿ ಮಾಡಿದ ಪಂಚ್ ಬೇಟ್ ಎಲ್ಲವೂ ನಡೆಯುತ್ತದೆ. ಬ್ಲೂಗೆ ತಾಜಾ ಶ್ಯಾಡ್ ತುಂಡು ಬೇಕು, ರಕ್ತ ಒಸರುವಂಥದ್ದು. ಫ್ರಿಜ್‌ನಲ್ಲಿ ತಿಂಗಳು ಇಟ್ಟಿದ್ದಕ್ಕೆ ಅದು ಅಷ್ಟಾಗಿ ಮನಸ್ಸು ಮಾಡುವುದಿಲ್ಲ. ಫ್ಲಾಟ್‌ಹೆಡ್‌ಗೆ ಜೀವಂತ ಮೀನೇ ಆಗಬೇಕು, ಸಾಮಾನ್ಯವಾಗಿ ಬ್ಲೂಗಿಲ್ ಎಂಬ ಸಣ್ಣ ಮೀನು, ಅದೂ ರಾತ್ರಿ. ಫ್ಲಾಟ್‌ಹೆಡ್ ಬೇಕು ಅಂತ ಹಗಲಲ್ಲಿ ಲಿವರ್ ಹಾಕಿ ಕೂತರೆ ಆಮೆ ಸಿಗಬಹುದು.

ಎರೆ ಮಾಯ, ಕಚ್ಚಿದ್ದೇ ಗೊತ್ತಾಗಲಿಲ್ಲ

ಇದಕ್ಕೆ ಮೂರು ಕಾರಣ ಇರಬಹುದು. ಒಂದು, ಎಸೆಯುವಾಗಲೇ ಎರೆ ಹಾರಿಹೋಗಿದೆ. ಕೋಳಿ ಲಿವರ್ ಹಾಕುವವರಲ್ಲಿ ಇದು ಜಾಸ್ತಿ. ಎಸೆದಾಗ ಎರಡು ಸಲ ಪ್ಲಕ್ ಅಂತ ಸದ್ದು ಬಂದರೆ ಲಿವರ್ ಒಂದು ಕಡೆ, ಗಾಳ ಒಂದು ಕಡೆ ಬಿದ್ದಿವೆ ಅಂತ ಅರ್ಥ. ಫ್ರೀಜರ್‌ನಲ್ಲಿ ಇಟ್ಟು ಕರಗಿಸಿದ ಲಿವರ್ ಮೆತ್ತಗಾಗಿ ನಿಲ್ಲುವುದೇ ಇಲ್ಲ. ತಾಜಾ ಲಿವರ್ ತಂದು, ಉಪ್ಪು ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಅಥವಾ ಹೊಲಿಗೆ ದಾರ ಸುತ್ತಿ. ಹಳೇ ಸ್ಟಾಕಿಂಗ್ ಬಟ್ಟೆಯಲ್ಲಿ ಕಟ್ಟುವವರೂ ಇದ್ದಾರೆ.

ಎರಡು, ಸಣ್ಣ ಸನ್‌ಫಿಶ್‌ಗಳು ಕಚ್ಚಿ ಕಚ್ಚಿ ಖಾಲಿ ಮಾಡಿವೆ. ಕೋಲಿನ ತುದಿ ಟಕಟಕ ಅಂತ ನಡುಗುತ್ತಾ ಇರುತ್ತದೆ, ಬಾಗುವುದಿಲ್ಲ. ಎರೆಹುಳ ಬಿಟ್ಟು ಗಟ್ಟಿ ಮೀನಿನ ತುಂಡು ಹಾಕಿ. ಇಲ್ಲ ಅಂದರೆ ಆ ಸನ್‌ಫಿಶ್‌ನ್ನೇ ಹಿಡಿದು ಎರೆ ಮಾಡಿಕೊಳ್ಳಿ.

ಮೂರು, ಆಮೆ. ಎರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸಾಫಾಗಿ ಹೋಗಿದ್ದರೆ, ನೀರ ಮೇಲೆ ಸಣ್ಣ ತಲೆಗಳು ಎದ್ದು ಮುಳುಗುತ್ತಿದ್ದರೆ, ಜಾಗ ಬಿಡಿ. ಆಮೆ ಜೊತೆ ಗುದ್ದಾಡಿ ಗೆದ್ದವರಿಲ್ಲ.

ಕಚ್ಚುತ್ತದೆ, ಎಳೆದರೆ ಏನೂ ಇಲ್ಲ

ಊರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬೆಂಡು ಮುಳುಗಿದ ತಕ್ಷಣ ಜಗ್ಗಬೇಕು ಅನ್ನುವುದು ನಮ್ಮ ಕೈಗೆ ಅಂಟಿಬಿಟ್ಟಿದೆ, ಅಲ್ವಾ? ಕ್ಯಾಟ್‌ಫಿಶ್‌ಗೆ ಇಲ್ಲಿ ಹೆಚ್ಚಿನವರು ಹಾಕುವುದು ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ತಿರುಗಿರುವ ಗುಂಡು ಗಾಳ. ಅದನ್ನು ಜಗ್ಗಿದರೆ ಮೀನಿನ ಬಾಯಿಂದ ಜಾರಿ ಹೊರಗೆ ಬರುತ್ತದೆ. ಮೀನು ಎರೆ ಹಿಡಿದು ಹೊರಟು, ಕೋಲು ಪೂರ್ತಿ ಬಾಗುವವರೆಗೆ ಕೈ ಕಟ್ಟಿಕೊಂಡಿರಿ. ಆಮೇಲೆ ಮೆಲ್ಲಗೆ ರೀಲ್ ಸುತ್ತಿ. ಗಾಳ ತಾನೇ ತಿರುಗಿ ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಜಗ್ಗಬೇಡಿ ಅನ್ನುವ ಒಂದು ಮಾತು ಕೇಳಿದರೆ ಕ್ಯಾಟ್‌ಫಿಶ್ ತಪ್ಪುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆದರೂ ಸಿಗದಿದ್ದರೆ ಎರೆ ದೊಡ್ಡದಾಗಿ ಗಾಳದ ಮೊನೆಯನ್ನೇ ಮುಚ್ಚಿದೆಯೇ ನೋಡಿ. ಮೊನೆ ಪೂರ್ತಿ ಹೊರಗೆ ಕಾಣಬೇಕು.

ಇನ್ನೊಂದು, ಕ್ಯಾಟ್‌ಫಿಶ್ ಎರೆ ಎತ್ತಿ ನಾಲ್ಕು ಇಂಚು ಹೋಗಿ ಬಿಡುತ್ತಿದ್ದರೆ ಸೀಸದ ಭಾರ ಅದಕ್ಕೆ ತಿಳಿಯುತ್ತಿದೆ. ದಾರ ಸೀಸದ ಗುಂಡಿನೊಳಗೆ ಸಲೀಸಾಗಿ ಹರಿಯುವ ಹಾಗೆ ಕಟ್ಟಿ. ಗುಂಡು, ಅದರ ಕೆಳಗೆ ಒಂದು ಮಣಿ, ಸ್ವಿವೆಲ್ ಎಂಬ ತಿರುಗುವ ಕೊಂಡಿ, ಅಲ್ಲಿಂದ ಒಂದೂವರೆ ಅಡಿ ದಾರ, ಕೊನೆಗೆ ಗಾಳ. ತಳ ಕೆಸರಾಗಿದ್ದರೆ ಆ ಒಂದೂವರೆ ಅಡಿಯಲ್ಲಿ ಸಣ್ಣ ಬೆಂಡು ಸೇರಿಸಿ. ಎರೆ ಕೆಸರಿಂದ ಸ್ವಲ್ಪ ಮೇಲೆ ತೇಲುತ್ತದೆ.

ಬಾಸ್‌ಗೆ ಇದು ಪೂರಾ ಉಲ್ಟಾ. ಟೆಕ್ಸಸ್ ರಿಗ್‌ನಲ್ಲಿ ಗಾಳದ ಮೊನೆ ಪ್ಲಾಸ್ಟಿಕ್ ಹುಳದೊಳಗೆ ಅಡಗಿರುತ್ತದೆ, ಕಸಕ್ಕೆ ಸಿಕ್ಕಬಾರದು ಅಂತ. ಅದು ಪ್ಲಾಸ್ಟಿಕ್ಕನ್ನೂ ಸೀಳಿ ಮೀನಿನ ದವಡೆಯನ್ನೂ ಚುಚ್ಚಬೇಕು. ಅದಕ್ಕೆ ದಾರದ ಸಡಿಲು ಸುತ್ತಿ ತೆಗೆದು, ಜೋರಾಗಿ ಕೋಲು ಎತ್ತಿ ಜಗ್ಗಬೇಕು. ಜಗ್ಗಿದಾಗ ರೀಲ್ ಜರ್ರ್ ಅಂದರೆ ಡ್ರ್ಯಾಗ್, ಅಂದರೆ ಎಳೆತ ಹೆಚ್ಚಾದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕು, ಸಡಿಲವಿದೆ. ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಜೊಂಡಿನ ಮೇಲೆ ರಬ್ಬರ್ ಕಪ್ಪೆ ಎಳೆಯುವವರು ತಡಮಾಡಬೇಕು. ನೀರು ಸಿಡಿದ ಸದ್ದಿಗೆ ಗಾಬರಿಯಾಗಿ ಜಗ್ಗಿದರೆ ಕಪ್ಪೆ ನಿಮ್ಮ ಮುಖಕ್ಕೇ ಬರುತ್ತದೆ. ಒಂದು ಉಸಿರು ನಿಲ್ಲಿ. ಭಾರ ಕೈಗೆ ತಿಳಿದ ಮೇಲೆ ಜಗ್ಗಿ. ಊರಲ್ಲಿ ಕಪ್ಪೆ ಕಟ್ಟಿ ಕುಚ್ಚು ಮೀನು ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪ್ಲಾಸ್ಟಿಕ್ ಹುಳದ ಬಾಲ ಮಾತ್ರ ತುಂಡಾಗಿ ಬಂದರೆ ಮೀನು ಚಿಕ್ಕದು, ಇಲ್ಲವೇ ಹುಳ ಉದ್ದ. ಚಿಕ್ಕ ಹುಳ ಹಾಕಿ. ಕೊನೆಯದಾಗಿ ಗಾಳದ ಮೊನೆಯನ್ನು ಹೆಬ್ಬೆರಳ ಉಗುರ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಂಡರೆ ಚೂಪು, ಜಾರಿದರೆ ಮೊಂಡು.

ಬಾಸ್ ಹಿಂದೆಯೇ ಬರುತ್ತದೆ, ಬಾಯಿ ಹಾಕುವುದಿಲ್ಲ

ಇದು ಒಳ್ಳೆ ಸುದ್ದಿ, ಜಾಗ ಸರಿಯಿದೆ. ವೇಗ ಬದಲಿಸಿ, ಅದಕ್ಕೂ ಬಗ್ಗದಿದ್ದರೆ ಲೂರ್‌ನ ಗಾತ್ರ, ಕೊನೆಗೆ ಬಣ್ಣ. ಅಂಗಡಿಯವರು ಬಣ್ಣದಿಂದ ಶುರು ಮಾಡಿಸುತ್ತಾರೆ, ಯಾಕೆ ಅಂತ ನಿಮಗೇ ಗೊತ್ತು. ತಿಳಿನೀರಾದರೆ ಹಸಿರು, ಕಂದು ಬಣ್ಣದ ಹುಳ ಸಾಕು. ಮಳೆ ಬಂದು ಕೆಂಪಾದ ನೀರಿಗೆ ಕಪ್ಪು-ನೀಲಿ ಹುಳ, ಅಥವಾ ದುಂಡನೆಯ ತಗಡು ತಿರುಗುತ್ತಾ ನಡುಕ ಹುಟ್ಟಿಸುವ ಸ್ಪಿನ್ನರ್‌ಬೇಟ್. ಕೆಂಪು ನೀರಲ್ಲಿ ಬಾಸ್ ಕಣ್ಣಿಗಿಂತ ಜಾಸ್ತಿ ಆ ನಡುಕವನ್ನು ನಂಬುತ್ತದೆ.

ಉತ್ತರದ ಚಳಿಗಾಳಿ ಬೀಸಿದ ಮಾರನೇ ದಿನ ಮೋಡವಿಲ್ಲದ ನೀಲಿ ಆಕಾಶ ನೋಡಿ ಖುಷಿಯಿಂದ ಹೊರಡುತ್ತೇವೆ. ಬಾಸ್ ಮಾತ್ರ ಆವತ್ತು ಮಂಕಾಗಿ ಕಸದೊಳಗೆ ಹೊಕ್ಕಿರುತ್ತದೆ. ಚಿಕ್ಕ ಹುಳದ ನಡುವಿಗೆ ಗಾಳ ಚುಚ್ಚಿ, ತೂಕ ಹಾಕದೆ, ತಾನಾಗಿ ಮುಳುಗಲು ಬಿಡಿ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ತಾಳ್ಮೆ ಬೇಕು.

ಅರ್ಧ ದಾರಿಯಲ್ಲಿ ಕಳಚಿಕೊಳ್ಳುತ್ತದೆ

ಬಾಸ್ ನೀರಿಂದ ಹಾರಿ ತಲೆ ಒದರಿದಾಗ ಕಳಚಿದರೆ, ಕೋಲಿನ ತುದಿಯನ್ನು ನೀರ ಹತ್ತಿರ, ಪಕ್ಕಕ್ಕೆ ಹಿಡಿಯಿರಿ. ಮೂರು ಮೊನೆಯ ಗಾಳವಿರುವ ಕ್ರ್ಯಾಂಕ್‌ಬೇಟ್ ಎಂಬ ಲೂರ್‌ಗೆ ಬಳುಕುವ ಕೋಲು ಬೇಕು. ಗಡುಸು ಕೋಲು ಬಾಯಿಯನ್ನು ಹರಿದು ಗಾಳ ಬಿಡಿಸುತ್ತದೆ. ದೊಡ್ಡ ಕ್ಯಾಟ್‌ಫಿಶ್ ದಡದ ಹತ್ತಿರ ಕಳಚಿದರೆ ನೀವು ದಾರ ಹಿಡಿದು ಎತ್ತಿದ್ದೀರಿ. ಬಲೆ ತನ್ನಿ. ಹಿಡಿದ ಮೇಲೆ ಬೆನ್ನಿನ, ಪಕ್ಕದ ಮುಳ್ಳುಗಳಿಗೆ ಹುಷಾರು. ಚೇಳು ಮೀನಿನಷ್ಟು ಉರಿ ಇಲ್ಲ, ಆದರೆ ಚೆನ್ನಾಗಿಯೇ ಚುಚ್ಚುತ್ತದೆ.

ದಾರ ತುಂಡಾಯಿತು

ಬೈಯುವ ಮುಂಚೆ ತುಂಡಾದ ತುದಿ ನೋಡಿ.

ತುದಿ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಬಿಚ್ಚಿಕೊಂಡಿದೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ದಾರ ಬಿಗಿದಾಗ ಬಿಸಿಯಾಗಿ ಸುಡುತ್ತದೆ, ಅದರಲ್ಲೂ ಫ್ಲೋರೋಕಾರ್ಬನ್ ಎಂಬ ಬಗೆಯ ದಾರ. ಪಾಲೋಮಾರ್ ಗಂಟು ಒಂದನ್ನು ಸರಿಯಾಗಿ ಕಲಿತರೆ ಜೀವನಕ್ಕೆ ಸಾಕು.

ತುದಿ ಒರಟಾಗಿ ಎಳೆ ಎದ್ದಿದ್ದರೆ ಎಲ್ಲೋ ಉಜ್ಜಿದೆ. ಕಲ್ಲು, ಮರದ ಬೊಡ್ಡೆ ಸಾಮಾನ್ಯ. ಟೆಕ್ಸೋಮಾ, ಲೂಯಿಸ್‌ವಿಲ್‌ನಂಥ ಕೆರೆಗಳಲ್ಲಿ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪು ಕಲ್ಲಿಗೆಲ್ಲ ಅಂಟಿಕೊಂಡಿದೆ, ಬ್ಲೇಡಿನಷ್ಟು ಚೂಪು. 2009ರಲ್ಲಿ ಟೆಕ್ಸಸ್‌ನಲ್ಲಿ ಮೊದಲು ಕಂಡಿದ್ದು ಟೆಕ್ಸೋಮಾದಲ್ಲೇ. ಪ್ರತಿ ಮೀನಾದ ಮೇಲೆ ಕೊನೆಯ ಮೂರಡಿ ದಾರವನ್ನು ಬೆರಳಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. (ದೋಣಿಯವರು ಕೆರೆ ಬಿಡುವಾಗ ನೀರೆಲ್ಲ ಚೆಲ್ಲಲೇಬೇಕು ಅನ್ನುವ ಕಾನೂನು ಇರುವುದೂ ಈ ಚಿಪ್ಪಿನಿಂದಲೇ.) ಎಲ್ಲೂ ಉಜ್ಜದಿದ್ದರೂ ಪದೇ ಪದೇ ಹೀಗಾದರೆ ಕೋಲಿನ ಉಂಗುರ ಒಂದು ಬಿರುಕು ಬಿಟ್ಟಿದೆ. ಹತ್ತಿ ಉಂಡೆಯನ್ನು ಒಂದೊಂದೇ ಉಂಗುರದಲ್ಲಿ ತಿರುಗಿಸಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಬಿರುಕು.

ತುದಿ ಸಾಫಾಗಿ ತುಂಡಾಗಿದ್ದರೆ ಭಾರ ತಡೆಯಲಿಲ್ಲ. ಡ್ರ್ಯಾಗ್ ಬಿಗಿ ಜಾಸ್ತಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಡ್ರ್ಯಾಗ್ ಬಿಡುವಂತೆ ಇಡಿ. 15 ಪೌಂಡ್ ದಾರವಾದರೆ ನಾಲ್ಕೈದು ಪೌಂಡ್. ಸಣ್ಣ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದರೆ ಊಹೆ ಬೇಕಾಗಿಲ್ಲ.

ದಾರ ಗೋಜಲು

ಸ್ಪಿನ್ನಿಂಗ್ ರೀಲ್ ಆದರೆ ಎಸೆದ ಮೇಲೆ ಬೇಲ್ ಎಂಬ ತಂತಿಯ ಕಮಾನನ್ನು ಕೈಯಿಂದ ಮುಚ್ಚಿ. ಡ್ರ್ಯಾಗ್ ಬಿಡುತ್ತಿರುವಾಗ ಹಿಡಿಕೆ ತಿರುಗಿಸಬೇಡಿ, ಪ್ರತಿ ಸುತ್ತಿಗೂ ದಾರಕ್ಕೆ ಮುರಿ ಬೀಳುತ್ತದೆ. ಬೇಟ್‌ಕ್ಯಾಸ್ಟರ್ (ಎಸೆದಾಗ ದಾರದ ಸುರುಳಿಯೇ ತಿರುಗುವ ರೀಲ್) ಆದರೆ ಪಕ್ಕದ ತಿರುಪು ಸರಿಮಾಡಿ: ಲೂರ್ ತಾನಾಗಿ ಮೆಲ್ಲಗೆ ಇಳಿಯಬೇಕು, ನೆಲ ಮುಟ್ಟಿದ ತಕ್ಷಣ ಸುರುಳಿ ನಿಲ್ಲಬೇಕು. ಉಳಿದದ್ದು ಹೆಬ್ಬೆರಳ ಅಭ್ಯಾಸ.

ವಾರ್ಡನ್ ಬಂದು ನಿಂತರು

ವಾರ್ಡನ್ ಅಂದರೆ ಮೀನು ಹಿಡಿಯುವ ನಿಯಮ ನೋಡಿಕೊಳ್ಳುವ ಅಧಿಕಾರಿ. ದೋಷಗಳಲ್ಲಿ ಇದೇ ದುಬಾರಿ. 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿಯುವುದಾದರೆ ಬೇಡ. ಊರಿಂದ ಬಂದ ಅಪ್ಪ, ಮಾವನನ್ನು ಕರೆದುಕೊಂಡು ಹೋಗಲು ಅದೇ ಸಲೀಸು. ಟೆಕ್ಸೋಮಾದ ಬಹುಪಾಲು ಒಕ್ಲಹೋಮಾದಲ್ಲಿದೆ, ಆ ಕಡೆ ದಾಟಿದರೆ ಇಲ್ಲಿನ ಮಾಮೂಲಿ ಲೈಸೆನ್ಸ್ ನಡೆಯುವುದಿಲ್ಲ. ಬಾಸ್‌ಗೆ ರಾಜ್ಯದ ಸಾಮಾನ್ಯ ನಿಯಮ ಕನಿಷ್ಠ 14 ಇಂಚು ಉದ್ದ, ದಿನಕ್ಕೆ 5 ಮೀನು. ಆದರೆ ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ದೊಡ್ಡದು, 24 ಇಂಚಿಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಬೇಕು. ಕೆರೆ ಕೆರೆಗೂ ಬೇರೆ ನಿಯಮ ಇರುವುದರಿಂದ ಹೊರಡುವ ಮುಂಚೆ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಆ ವರ್ಷದ ಪಟ್ಟಿ ನೋಡಿ.

ಮೀನು ಸಿಕ್ಕಿತು, ಸಾರಲ್ಲಿ ಕೆಸರು ವಾಸನೆ

ಇದು ಕೆಸರಲ್ಲ. ಜಿಯೋಸ್ಮಿನ್ ಎಂಬ ವಸ್ತು. ಬೇಸಿಗೆಯ ಬಿಸಿನೀರಲ್ಲಿ ನೀಲಿ-ಹಸಿರು ಪಾಚಿ ಇದನ್ನು ಜಾಸ್ತಿ ಬಿಡುತ್ತದೆ, ಮೀನು ಕಿವಿರಿನಿಂದ ಹೀರಿಕೊಳ್ಳುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲೂ ಇರುವುದು ಇದೇ. ನೆಲದಲ್ಲಿ ಚೆಂದ, ತಟ್ಟೆಯಲ್ಲಿ ಅಲ್ಲ.

ಕ್ಯಾಟ್‌ಫಿಶ್‌ನ ಚರ್ಮ ಪೂರ್ತಿ ಸುಲಿಯಿರಿ. ಪಕ್ಕೆಯ ಉದ್ದಕ್ಕೂ ಇರುವ ಕೆಂಪು ಮಾಂಸ, ಹಳದಿ ಕೊಬ್ಬು ಕೆತ್ತಿ ತೆಗೆಯಿರಿ. ದೊಡ್ಡ ಬ್ಲೂನಲ್ಲಿ ವಾಸನೆ ಇರುವುದು ಹೆಚ್ಚಾಗಿ ಅಲ್ಲೇ. ಹಿಡಿದ ತಕ್ಷಣ ಐಸ್‌ಗೆ ಹಾಕಿ, ಬಿಸಿಲಲ್ಲಿ ಬಕೆಟ್‌ನಲ್ಲಿ ಬಿಡಬೇಡಿ. ಇಲ್ಲಿನವರು ಮಜ್ಜಿಗೆಯಲ್ಲಿ ನೆನೆಸುತ್ತಾರೆ. ನಮ್ಮ ಹುಣಸೆಹುಳಿ ಇನ್ನೂ ವಾಸಿ, ಹುಳಿ ಅಂಶ ಜಿಯೋಸ್ಮಿನ್‌ನ್ನು ಮುರಿಯುತ್ತದೆ. ಉಪ್ಪು, ಅರಿಶಿನ, ಹುಣಸೆ ರಸದಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು, ಆಮೇಲೆ ಮಸಾಲೆಗೆ ಹಾಕಿ. ಎರಡು ಪೌಂಡ್ ಒಳಗಿನ ಚಾನೆಲ್ ಸಾರಿಗೂ ಹುರಿಯಲಿಕ್ಕೂ ಚೆನ್ನ. ದೊಡ್ಡದನ್ನು ಫೋಟೋ ತೆಗೆದು ಬಿಡುವುದು ಮೇಲು.

ಎಲ್ಲ ನೀರಿನ ಮೀನಿಗೂ ಈ ಉಪಾಯ ಸಾಲದು. ಡಲ್ಲಾಸ್, ಫೋರ್ಟ್ ವರ್ತ್ ನಗರಗಳ ಆಸುಪಾಸಿನ ಟ್ರಿನಿಟಿ ನದಿಯ ಮೀನಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ವಿಷ ಇದೆ ಅಂತ ರಾಜ್ಯದ ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಅದು ಹುಳಿಗೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಅಲ್ಲಿ ಹಿಡಿದದ್ದನ್ನು ಅಲ್ಲೇ ಬಿಟ್ಟು ಬನ್ನಿ.